ಮೂರನೇ ಚರಣದ ಪ್ರಕರಣ: ಒಂದು ಕನ್ನಡ ರ‍್ಯಾಪ್ ಹಾಡು ಮಾರಾಟವಾದ ಬಗೆ

ಈ ಪ್ರಕರಣದಲ್ಲಿ ಇರುವುದು ಒಂದೇ ಹಾಡು, ಆದರೆ ಎರಡು ರೂಪ. ಮೊದಲನೆಯದು 3 ನಿಮಿಷ 40 ಸೆಕೆಂಡಿನದು. ಲಗ್ಗೆರೆಯ ಒಬ್ಬ ಹುಡುಗ ಬರೆದು, ತಾನೇ ಹಾಡಿ, ತನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದ. ಎರಡನೆಯದು 2 ನಿಮಿಷ 15 ಸೆಕೆಂಡಿನದು. ಒಂದು ಆಡಿಯೋ ಕಂಪನಿ ಹಾಡನ್ನು ಕೊಂಡು, ಕತ್ತರಿಸಿ, ಹೊಸ ಹುಕ್ (ಮತ್ತೆ ಮತ್ತೆ ಬರುವ, ಬಾಯಲ್ಲಿ ಉಳಿಯುವ ಸಾಲು) ಸೇರಿಸಿ ಬಿಡುಗಡೆ ಮಾಡಿತು. ಕೇಳಿದವರ ಲೆಕ್ಕದಲ್ಲಿ ಎರಡನೆಯದು ಎಷ್ಟೋ ಪಟ್ಟು ದೊಡ್ಡದು. ಹಾಡು ಅಂತ ನೋಡಿದರೆ ಮೊದಲನೆಯದರ ಹತ್ತಿರಕ್ಕೂ ಬರುವುದಿಲ್ಲ.

ನಾನು ವಿಜಯನಗರದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ರೂಮ್ ನಡೆಸುತ್ತೇನೆ. ಮೊದಲ ರೂಪವನ್ನು ರೆಕಾರ್ಡ್ ಮಾಡಿ ಮಿಕ್ಸ್ ಮಾಡಿದ್ದು ನಾನೇ. ಇದನ್ನು ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನ ಹೆಸರು, ಕಂಪನಿಯ ಹೆಸರು, ಹಾಡಿನ ಹೆಸರು ಮೂರೂ ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಒಪ್ಪಂದದಲ್ಲಿ ಏನಿತ್ತು, ಹಾಡಿಗೆ ಏನಾಯಿತು ಅನ್ನುವುದು ಬೇರೆ ಹುಡುಗರಿಗೆ ಗೊತ್ತಾದರೆ ಸಾಕು.

ರ‍್ಯಾಪ್ ದುಡ್ಡಿನ ಹಿಂದೆ ಬಿದ್ದು ಹಾಳಾಗಿದೆ ಅನ್ನುವ ಮಾತು ಈ ಊರಲ್ಲಿ ದಿನಾ ಕೇಳಿಬರುತ್ತದೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪೀಣ್ಯದಲ್ಲಿ ದುಡಿಯುವ ಹುಡುಗನಿಗೆ ತನ್ನ ಹಾಡಿನಿಂದ ದುಡ್ಡು ಬರಲೇಬೇಕು. ಬರದಿದ್ದರೆ ಎರಡು ವರ್ಷಕ್ಕೆ ಬರೆಯುವುದನ್ನೇ ಬಿಡುತ್ತಾನೆ. ಹಾಗೆ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ. ಹಾಡು ಕೆಡುವ ಜಾಗ ಬೇರೆ. ಸಾಲನ್ನು ತಿದ್ದುವ ಅಧಿಕಾರ ಬರೆದವನ ಕೈಯಿಂದ ಹೋಗುತ್ತದಲ್ಲ, ಅಲ್ಲಿ. ಈ ಪ್ರಕರಣದಲ್ಲಿ ಆ ಜಾಗವನ್ನು ಬೆರಳಿಟ್ಟು ತೋರಿಸಬಹುದು.

ಹುಡುಗ ಮತ್ತು ಹಾಡು

ಹುಡುಗನಿಗೆ ಆಗ ಇಪ್ಪತ್ತೆರಡು ವರ್ಷ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಿಎನ್‌ಸಿ ಮಷಿನ್ ನೋಡಿಕೊಳ್ಳುತ್ತಿದ್ದ, ಜಾಸ್ತಿ ಸೆಕೆಂಡ್ ಶಿಫ್ಟ್. ತಾಯಿ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುವ ಲೈನ್‌ನಲ್ಲಿದ್ದರು. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಹುಡುಗರು ವೃತ್ತ ಕಟ್ಟಿಕೊಂಡು ಸೈಫರ್ ಮಾಡುತ್ತಾರಲ್ಲ, ಅಂದರೆ ಒಬ್ಬರಾದ ಮೇಲೆ ಒಬ್ಬರು ಸಾಲು ಕಟ್ಟಿ ಹಾಡುತ್ತಾರಲ್ಲ, ಅಲ್ಲಿಗೆ ಹೋಗಿ ನಿಲ್ಲುತ್ತಿದ್ದ. ಮೊದಮೊದಲು ಬಾಯೇ ಬಿಡುತ್ತಿರಲಿಲ್ಲವಂತೆ. ಇಂಗ್ಲಿಷ್, ಹಿಂದಿ, ತಮಿಳು, ಕನ್ನಡ ಎಲ್ಲ ಒಂದೇ ವೃತ್ತದಲ್ಲಿ ಸುತ್ತುವ ಜಾಗ ಅದು. ಅಲ್ಲಿ ಒಳ್ಳೆ ಸಾಲು ಬಂದರೆ ಭಾಷೆ ಗೊತ್ತಿಲ್ಲದವರೂ ಕೂಗುತ್ತಾರೆ. ಸಾಲು ಸಪ್ಪೆ ಅಂದರೆ ಅದೇ ಭಾಷೆಯವರೂ ಸುಮ್ಮನಿರುತ್ತಾರೆ.

ಹಾಡಿನಲ್ಲಿ ಮೂರು ಚರಣ. ಮೊದಲನೆಯದು ಶಿಫ್ಟ್ ಮುಗಿಸಿ ರಾತ್ರಿ ಬಸ್ಸಿಗೆ ಕಾಯುವುದು. ಎರಡನೆಯದು ಲಗ್ಗೆರೆ ರಿಂಗ್ ರೋಡ್, ಗೆಳೆಯರು, ಒಂದು ಜಗಳ. ಮೂರನೆಯದು ತಾಯಿಯದು. 16 ಬಾರ್ (ಒಂದು ಬಾರ್ ಅಂದರೆ ತಾಳದ ನಾಲ್ಕು ಪೆಟ್ಟು), 88 ಬಿಪಿಎಂ (ನಿಮಿಷಕ್ಕೆ 88 ಪೆಟ್ಟಿನ ವೇಗ). ಅಂದರೆ ಸುಮಾರು 44 ಸೆಕೆಂಡ್. ಬೀಟ್, ಅಂದರೆ ಹಾಡಿನ ಹಿಂದಿನ ತಾಳ ಮತ್ತು ಸದ್ದು, ಮಾಡಿದ್ದು ಅವನ ಗೆಳೆಯ. ಅಣ್ಣಮ್ಮ ಕೂರಿಸುವ ಹಬ್ಬದಲ್ಲಿ ತಾನೇ ಫೋನಿನಲ್ಲಿ ಹಿಡಿದ ತಮಟೆಯನ್ನು ಕತ್ತರಿಸಿ ಕಿಕ್ ಡ್ರಮ್ ಕೆಳಗೆ ಇಟ್ಟಿದ್ದ. ಇದು ಸಣ್ಣ ವಿಷಯ ಅಲ್ಲ. ಇಲ್ಲಿನ ಬಹಳ ಹುಡುಗರು ಇಂಟರ್ನೆಟ್‌ನಲ್ಲಿ ಲೀಸ್‌ಗೆ ಸಿಗುವ ಬೀಟ್ ತೆಗೆದುಕೊಂಡು ಹಾಡುತ್ತಾರೆ. ಅದೇ ಬೀಟ್ ಮೇಲೆ ಬ್ರೆಜಿಲ್‌ನಲ್ಲೂ ಒಬ್ಬ ಹಾಡಿರುತ್ತಾನೆ, ಲಕ್ನೋದಲ್ಲೂ ಒಬ್ಬ ಹಾಡಿರುತ್ತಾನೆ. ಈ ಹಾಡಿನ ಸದ್ದು ಮಾತ್ರ ಈ ಊರಿನದೇ.

ಮೂರನೇ ಚರಣದ ಎರಡು ಸಾಲು ಇಲ್ಲಿ ಕೊಡುತ್ತೇನೆ:

ಅಮ್ಮನ ಸೂಜಿಗೆ ಸಾವಿರ ಕಾಲರ್
ನಮ್ಮನೆ ಮುಟ್ಟಲೆ ಇಲ್ಲಾ ಡಾಲರ್

ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಹಾಗೆ ಪ್ರಸ್ತಾರ ಹಾಕಿ ನೋಡಿ. ಅಮ್ಮನ, ಸೂಜಿಗೆ, ಸಾವಿರ, ಕಾಲರ್. ನಾಲ್ಕು ಗಣ, ಒಂದೊಂದಕ್ಕೂ ನಾಲ್ಕು ಮಾತ್ರೆ. ಎರಡನೇ ಸಾಲೂ ಹಾಗೇ. ನಮ್ಮನೆ, ಮುಟ್ಟಲೆ, ಇಲ್ಲಾ, ಡಾಲರ್. ಸಾಲಿಗೆ 16 ಮಾತ್ರೆ. ಇದು ಮಂದಾನಿಲ ರಗಳೆಯ ಲೆಕ್ಕ. ಹರಿಹರ ಕವಿ ಶಿವಶರಣರ ಕಥೆ ಹೇಳಲು ಧಾರಾಳವಾಗಿ ಬಳಸಿದ ಛಂದಸ್ಸು. ರ‍್ಯಾಪ್‌ನ ಒಂದು ಬಾರ್‌ನಲ್ಲಿ ನಾಲ್ಕು ಪೆಟ್ಟು, ಒಂದು ಪೆಟ್ಟನ್ನು ನಾಲ್ಕಾಗಿ ಒಡೆದರೆ 16 ಮನೆ. ಒಂದು ಮಾತ್ರೆಗೆ ಒಂದು ಮನೆ. ಕನ್ನಡದ ಹಳೇ ಅಳತೆ ರ‍್ಯಾಪ್‌ನ ಬಾರ್‌ಗೆ ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂರುತ್ತದೆ.

ಪ್ರಾಸವನ್ನೂ ನೋಡಿ. ಕೊನೆಯಲ್ಲಿ ಕಾಲರ್, ಡಾಲರ್ ಇದೆ. ಅದು ಯಾರಿಗಾದರೂ ಕೇಳುತ್ತದೆ. ಎರಡನೇ ಅಕ್ಷರದಲ್ಲಿ 'ಮ್ಮ' ಇದೆ, ಎರಡೂ ಸಾಲಲ್ಲಿ. ಅಪ್ಪಟ ಆದಿಪ್ರಾಸ. ಹಾಡುವಾಗ ತುಟಿ ಎರಡೂ ಸಲ ಅದೇ ಜಾಗದಲ್ಲಿ ಮುಚ್ಚಿ ತೆರೆಯುತ್ತದೆ, ತಮಟೆಯ ಪೆಟ್ಟು ಅದರ ಜೊತೆಗೇ ಬೀಳುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿ ಬರೆದೆಯಾ ಅಂತ ಕೇಳಿದೆ. "ಇಲ್ಲ ಅಣ್ಣ, ಬಾಯಿಗೆ ಹಂಗೇ ಬಂತು, ಆಮೇಲೆ ಎಣಿಸಿದೆ" ಅಂದ. ಬಾಯಿಗೆ ಬಂದಿದ್ದನ್ನು ಆಮೇಲೆ ಎಣಿಸುವವನೇ ಬರಹಗಾರ ಅಲ್ವಾ?

ಅರ್ಥದ ಕಡೆಯಿಂದಲೂ ಒಂದು ಮಾತು. ಆ ತಾಯಿ ಹೊಲಿಯುವ ಶರ್ಟು ವಿದೇಶಕ್ಕೆ ಹೋಗುತ್ತದೆ, ಡಾಲರ್‌ನಲ್ಲಿ ಮಾರಾಟವಾಗುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಕಥೆ ಪೂರ್ತಿ ಎಂಟು ಪದದಲ್ಲಿ ಇದೆ. ಗೋಳು ಇಲ್ಲ, ಭಾಷಣ ಇಲ್ಲ.

ಗುಣಮಟ್ಟ ಅಂತ ನಾನು ಏನನ್ನು ಕರೆಯುತ್ತೇನೆ

ಇದನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಸುಮ್ನೆ ದೂರಿನ ಹಾಗೆ ಕೇಳುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ಅಂತ್ಯಪ್ರಾಸ ಪುಕ್ಕಟೆ ಸಿಗುತ್ತದೆ. ಬರ್ತೀನಿ, ಹೋಗ್ತೀನಿ, ಕುಡೀತೀನಿ, ಕುಣೀತೀನಿ. ನೂರು ಸಾಲು ಹೀಗೆ ಬರೆಯಬಹುದು, ಒಂದು ಸಲವೂ ತಲೆ ಕೆರೆದುಕೊಳ್ಳಬೇಕಿಲ್ಲ. ಇಂಗ್ಲಿಷ್‌ನಲ್ಲಿ ಬರೆಯುವವನಿಗೆ ಈ ಸುಲಭ ಇಲ್ಲ, ಅವನು ಪ್ರಾಸ ಹುಡುಕಲೇಬೇಕು. ಅದಕ್ಕೇ ಕನ್ನಡ ರ‍್ಯಾಪ್‌ನ ಗುಣಮಟ್ಟ ಅಳೆಯಲು ನನ್ನ ಮೊದಲ ಪರೀಕ್ಷೆ ಇದು: ಸಾಲಿನ ಕೊನೆಯ 'ತೀನಿ', 'ತಾನೆ', 'ಇಲ್ಲ' ತೆಗೆದುಬಿಟ್ಟರೆ ಒಳಗೆ ಏನಾದರೂ ಸದ್ದು ಉಳಿಯುತ್ತದಾ? ಒತ್ತಕ್ಷರದ ಆಟ, ಒಳಪ್ರಾಸ, ಗಣದ ಜೋಡಣೆ ಏನಾದರೂ ಇದೆಯಾ? ಎರಡನೇ ಪರೀಕ್ಷೆ, ಆ ಸಾಲನ್ನು ಬೇರೆ ಊರಿನ ಬೇರೆ ಹುಡುಗ ಹಾಡಿದರೂ ನಡೆಯುತ್ತದಾ? ನಡೆಯುತ್ತದೆ ಅಂದರೆ ಅದರಲ್ಲಿ ಇವನದು ಏನೂ ಇಲ್ಲ.

ಈ ಎರಡು ಪರೀಕ್ಷೆಯಲ್ಲಿ ಪಾರ್ಟಿ ಹಾಡುಗಳು ಮಾತ್ರ ಫೇಲ್ ಆಗುತ್ತವೆ ಅಂದುಕೊಳ್ಳಬೇಡಿ. ಅಂಡರ್‌ಗ್ರೌಂಡ್ ಅಂತ ಹೇಳಿಕೊಳ್ಳುವ ಎಷ್ಟೋ ಹಾಡುಗಳ ಕಥೆಯೂ ಇಷ್ಟೇ. ನಾನು ಕಿಂಗು, ನೀನು ಜೀರೋ, ನಡುವೆ ನಾಲ್ಕು ಬೈಗುಳ, ಅಮೆರಿಕದ ಅಟ್ಲಾಂಟಾದಿಂದ ಬಂದ ಹೈ-ಹ್ಯಾಟ್ ತಾಳ, ಮುಂಬೈ ಗಲ್ಲಿಯಿಂದ ಬಂದ ಗತ್ತು. ದುಡ್ಡು ಬಂದಿಲ್ಲ ಅನ್ನುವ ಒಂದೇ ಕಾರಣಕ್ಕೆ ಹಾಡು ಒಳ್ಳೆಯದಾಗುವುದಿಲ್ಲ. ನನ್ನ ರೂಮಿನಲ್ಲಿ ರೆಕಾರ್ಡ್ ಆಗುವ ಹಾಡುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಹಾಗೆಯೇ ಒಳ್ಳೆ ಪಾರ್ಟಿ ಹಾಡು ಬರೆಯುವುದು ಕಷ್ಟದ ಕೆಲಸ. ಎರಡು ಸಲ ಕೇಳಿದ ಕೂಡಲೇ ಮಂಡ್ಯದ ಮದುವೆ ಮನೆಯಲ್ಲಿ ಅಜ್ಜಿಯೂ ಗುನುಗುವ ಸಾಲು ಕಟ್ಟುವುದು ಎಲ್ಲರ ಕೈಯಲ್ಲಿ ಆಗುವುದಿಲ್ಲ.

ಊರಿನ ಹಿನ್ನೆಲೆ

ಬೆಂಗಳೂರಿನಲ್ಲಿ ರ‍್ಯಾಪ್ ಮೊದಲು ಹೆಸರು ಮಾಡಿದ್ದು ಇಂಗ್ಲಿಷ್‌ನಲ್ಲಿ. ಬ್ರೋಧಾ ವಿ, ಸ್ಮೋಕಿ ದಿ ಘೋಸ್ಟ್ ಇವರೆಲ್ಲ 'ಮಚಾಸ್ ವಿತ್ ಆಟಿಟ್ಯೂಡ್' ಗುಂಪಿನಿಂದ ಬಂದವರು. ಬ್ರೋಧಾ ವಿ ಇಂಗ್ಲಿಷ್ ರ‍್ಯಾಪ್ ನಡುವೆ ಸಂಸ್ಕೃತದ ಸ್ತೋತ್ರ ತಂದಾಗ ಇದು ಹೀಗೂ ಕೇಳಬಹುದಾ ಅಂತ ಅನೇಕರಿಗೆ ಅನಿಸಿತು. ಕನ್ನಡದಲ್ಲಿ ಆಲ್ ಓಕೆ ಅಂತ ಹೆಸರಾದ ಅಲೋಕ್, ಚಂದನ್ ಶೆಟ್ಟಿ ದಾರಿ ಮಾಡಿದರು. ಚಂದನ್ ಶೆಟ್ಟಿ 2018ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ 5ನೇ ಸೀಸನ್ ಗೆದ್ದ ಮೇಲೆ ರ‍್ಯಾಪರ್ ಅನ್ನುವವನು ಮನೆಮನೆಗೂ ಗೊತ್ತಾದ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಕನ್ನಡ ರ‍್ಯಾಪ್ ಕೇಳುವ ಹಾಗಾಗಿದ್ದು ಇಂಥವರಿಂದ. ಅದನ್ನು ಕಡೆಗಣಿಸಿ ಮಾತಾಡುವುದು ನ್ಯಾಯ ಅಲ್ಲ.

ಆಮೇಲೆ 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧ ಆಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಹಾಡು ಅಂದರೆ ಹದಿನೈದು, ಮೂವತ್ತು ಸೆಕೆಂಡಿನ ತುಂಡು ಅನ್ನುವ ಅಭ್ಯಾಸ ಆಗಲೇ ಬೇರೂರಿತು. 2024ರಲ್ಲಿ ಬೆಂಗಳೂರನ್ನೇ ನೆಲೆ ಮಾಡಿಕೊಂಡಿರುವ ಹನುಮಾನ್‌ಕೈಂಡ್ ಅನ್ನುವ ರ‍್ಯಾಪರ್ ಅವರ ಇಂಗ್ಲಿಷ್ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಹೋಯಿತು. ಅದಾದ ಮೇಲೆ ಇಲ್ಲಿನ ಕಂಪನಿಗಳಿಗೂ ಸಣ್ಣ ಚಾನೆಲ್‌ಗಳ ಮೇಲೆ ಕಣ್ಣು ಬಿತ್ತು. ನಮ್ಮ ಹುಡುಗನಿಗೆ ಕರೆ ಬಂದಿದ್ದು ಅದೇ ಗಾಳಿಯಲ್ಲಿ.

ಕಂಪನಿ ಏನು ಕೇಳಿತು

ಕಂಪನಿಯವರು ಕೆಟ್ಟವರಾಗಿ ಮಾತಾಡಲಿಲ್ಲ. ಹಾಡು ಇಷ್ಟವಾಗಿದೆ ಅಂದರು. ಒಂದೇ ಸಲ ಕೊಡುವ ಮೊತ್ತ ಹೇಳಿದರು. ಅದು ಹುಡುಗನ ತಾಯಿಯ ನಾಲ್ಕು ತಿಂಗಳ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ. ಬದಲಿಗೆ ಕೇಳಿದ್ದು ಇಷ್ಟು: ಹಾಡಿನ ವೇಗ 112 ಬಿಪಿಎಂಗೆ ಏರಬೇಕು, ಹೊಸ ಹುಕ್ ಬೇಕು, ಅದನ್ನು ಸಿನಿಮಾದಲ್ಲಿ ಹೆಸರಿರುವ ಗಾಯಕರೊಬ್ಬರು ಹಾಡುತ್ತಾರೆ, ಮೂರನೇ ಚರಣ ಬೇಡ.

ಮೂರನೇ ಚರಣ ಯಾಕೆ ಬೇಡ ಅನ್ನುವುದಕ್ಕೆ ಅವರ ಹತ್ತಿರ ಆಧಾರ ಇತ್ತು. ಹುಡುಗನ ಯೂಟ್ಯೂಬ್ ಸ್ಟುಡಿಯೋ ತೆಗೆಸಿ, ಜನ ಯಾವ ಸೆಕೆಂಡಿನವರೆಗೆ ನೋಡುತ್ತಾರೆ ಅನ್ನುವ ಗೆರೆ ತೋರಿಸಿದರು. ಎರಡೂವರೆ ನಿಮಿಷದ ಹತ್ತಿರ, ಮೂರನೇ ಚರಣ ಶುರುವಾಗುವ ಕಡೆ, ಗೆರೆ ಕೆಳಗಿಳಿದಿತ್ತು. "ನೋಡಪ್ಪಾ, ಇಲ್ಲಿ ಜನ ಎದ್ದು ಹೋಗ್ತಿದ್ದಾರೆ" ಅಂದರಂತೆ.

ಹುಡುಗ ಆ ಸ್ಕ್ರೀನ್‌ಶಾಟ್ ನನಗೂ ಕಳಿಸಿದ್ದ. ನಾನು ದೊಡ್ಡದು ಮಾಡಿ ನೋಡಿದೆ. ಗೆರೆ ಇಳಿದಿದ್ದು ನಿಜ. ಆದರೆ ಇಳಿದ ಮೇಲೆ ಒಂದು ಸಣ್ಣ ಗುಡ್ಡ ಎದ್ದಿತ್ತು. ಸರಿಯಾಗಿ 'ಅಮ್ಮನ ಸೂಜಿ' ಸಾಲಿನ ಜಾಗದಲ್ಲಿ. ಆ ಗೆರೆ ಇಳಿಯುತ್ತಾ ಹೋಗುವುದು ಸಹಜ. ನಡುವೆ ಮೇಲೇಳುವುದು ಅಪರೂಪ. ಎದ್ದಿದೆ ಅಂದರೆ ಜನ ಆ ಜಾಗಕ್ಕೆ ವಾಪಸ್ ಹೋಗಿ ಇನ್ನೊಂದು ಸಲ ಕೇಳುತ್ತಿದ್ದಾರೆ ಅಂತ ಅರ್ಥ. ಕಾಮೆಂಟ್‌ಗಳಲ್ಲೂ ಜನ ಬರೆದುಹಾಕಿದ್ದು ಆ ಎರಡು ಸಾಲನ್ನೇ. ತಮ್ಮ ತಾಯಿ ಯಾವ ಫ್ಯಾಕ್ಟರಿಯಲ್ಲಿ, ಎಷ್ಟು ವರ್ಷದಿಂದ ಹೊಲಿಯುತ್ತಿದ್ದಾರೆ ಅಂತ ಬರೆದವರಿದ್ದರು.

ಕಂಪನಿಗೆ ಇಳಿಜಾರು ಕಂಡಿತು, ಗುಡ್ಡ ಕಾಣಲಿಲ್ಲ. ಅದಕ್ಕೆ ಕಾರಣವೂ ಇದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಲೆಕ್ಕಕ್ಕೆ ಬರುತ್ತದೆ. ಮೂರೂವರೆ ನಿಮಿಷ ಪೂರ್ತಿ ಕೇಳಿದರೂ ಅದು ಒಂದೇ ಸ್ಟ್ರೀಮ್. ಅಂದಮೇಲೆ ಎರಡು ನಿಮಿಷದ ಹಾಡು ಎರಡು ಸಲ ಓಡುವುದೇ ಲಾಭ. 2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ಅಲ್ಲಿ ರೆಕಾರ್ಡಿಂಗ್ ರಾಯಲ್ಟಿಯೇ ಸಿಗುವುದಿಲ್ಲ. ಸಣ್ಣವರಿಗೆ ಸೊನ್ನೆ, ದೊಡ್ಡವರಿಗೆ ಪಾಲು. ಈ ಲೆಕ್ಕದಲ್ಲಿ ಮೊದಲ ಅರ್ಧ ನಿಮಿಷಕ್ಕೆ ಚಿನ್ನದ ಬೆಲೆ, ಮೂರನೇ ಚರಣಕ್ಕೆ ಬೆಲೆಯೇ ಇಲ್ಲ. ಕೂತು ಬರೆದ 16 ಬಾರ್‌ನ ಮೌಲ್ಯ ಹಿಡಿಯುವ ಅಂಕಣ ಯಾರ ಎಕ್ಸೆಲ್ ಶೀಟಿನಲ್ಲೂ ಇಲ್ಲ.

ಹುಡುಗ ಸಹಿ ಹಾಕಿದ. ಮನೆಯಲ್ಲಿ ಸಾಲ ಇತ್ತು, ತಂಗಿಯ ಕಾಲೇಜು ಫೀಸ್ ಇತ್ತು. ಅವನ ಜಾಗದಲ್ಲಿ ಯಾರಿದ್ದರೂ ಹಾಕುತ್ತಿದ್ದರು. ಒಪ್ಪಂದ ಇಂಗ್ಲಿಷ್‌ನಲ್ಲಿತ್ತು, ಹನ್ನೊಂದು ಪುಟ. ಓದಲು ಸಿಕ್ಕಿದ್ದು ಒಂದು ಸಂಜೆ.

ಎರಡನೇ ರೂಪ

ವೇಗ ಏರಿಸಿದ್ದರಿಂದ ಏನಾಯಿತು ಅಂತ ಸಂಗೀತದ ಕಡೆಯಿಂದ ಹೇಳಬೇಕು. 88 ಬಿಪಿಎಂನಲ್ಲಿ ಬಾರ್‌ಗೆ 16 ಮಾತ್ರೆ ಅಂದರೆ ಸೆಕೆಂಡಿಗೆ ಸುಮಾರು 6 ಮಾತ್ರೆ. ಮಾತಾಡುವ ವೇಗಕ್ಕೆ ಹತ್ತಿರ. ಕೇಳುವವನಿಗೆ ಪ್ರತಿ ಒತ್ತಕ್ಷರವೂ ಮುಟ್ಟುತ್ತದೆ. 112ರಲ್ಲಿ ಅದು ಸೆಕೆಂಡಿಗೆ ಏಳೂವರೆ. ಹಾಡಬಹುದು, ಹುಡುಗನಿಗೆ ಆ ಉಸಿರು ಇದೆ. ಆದರೆ 'ಮ್ಮ', 'ಟ್ಟ', 'ಲ್ಲ' ಇವೆಲ್ಲ ಸವೆದು ಹೋಗುತ್ತವೆ. ಪದ ಕೇಳುವುದಿಲ್ಲ, ಬರೀ ಓಟ ಕೇಳುತ್ತದೆ. ತಮಟೆ ತೆಗೆದು ರೆಡಿಮೇಡ್ ಡ್ರಮ್ ಲೂಪ್ ಹಾಕಿದ್ದರು. ಮೊದಲ ಎರಡು ಚರಣದಲ್ಲಿ ಎಂಟೆಂಟು ಬಾರ್ ಉಳಿದವು. ಹುಕ್‌ನಲ್ಲಿ ನೈಟು, ಪೆಗ್ಗು, ಕಾರು, ಕೊನೆಗೆಲ್ಲ 'ತೀನಿ'. ರಾತ್ರಿ ಬಸ್ಸಿಗೆ ಕಾಯುವ ಹುಡುಗ ಹುಕ್ ಬಂದ ಕೂಡಲೇ ಕಾರಿನಲ್ಲಿ ಕೂತಿರುತ್ತಾನೆ. ಹಾಡಿನ ಒಳಗೇ ಜೋಡಣೆ ಇಲ್ಲ.

ಸಾಹಿತ್ಯದ ಕ್ರೆಡಿಟ್‌ನಲ್ಲಿ ಇನ್ನೊಬ್ಬರ ಹೆಸರು ಮೊದಲು, ಇವನದು ಆಮೇಲೆ. ಥಂಬ್‌ನೇಲ್‌ನಲ್ಲಿ ಗಾಯಕರ ಮುಖ. ಹಾಡು ಓಡಿತು. ರೀಲ್ಸ್‌ನಲ್ಲಿ ಹುಕ್ ಓಡಿತು, ಪಬ್‌ಗಳಲ್ಲಿ ಡಿಜೆಗಳು ಹಾಕಿದರು. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಹುಕ್ ಹಾಡಿದವರನ್ನು ಕರೆದರು. ಹುಡುಗನನ್ನು ಯಾರೂ ಕರೆಯಲಿಲ್ಲ. ಅವನು ಯಾರು ಅಂತಲೇ ಜನಕ್ಕೆ ಗೊತ್ತಿರಲಿಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು ಇದಾದ ಮೇಲೆ. ಅವನ ಚಾನೆಲ್‌ನಲ್ಲಿದ್ದ ಮೊದಲ ರೂಪಕ್ಕೆ ಕಂಟೆಂಟ್ ಐಡಿ ಕ್ಲೇಮ್ ಬಂತು, ಅಂದರೆ ಈ ಹಾಡು ನಮ್ಮದು ಅಂತ ಯೂಟ್ಯೂಬ್‌ನಲ್ಲಿ ದಾವೆ. ತನ್ನ ಮನೆಯ ಕಥೆ, ತನ್ನ ಧ್ವನಿ, ನನ್ನ ರೂಮಿನಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ ನಿಲ್ಲುವವರೆಗೆ ಕಾದು ಕಾದು ಹಿಡಿದ ಟೇಕ್. ಅದಕ್ಕೆ ಮಾಲೀಕರು ಬೇರೆ ಯಾರೋ. ಕೆಲವು ದಿನದಲ್ಲಿ ಹಾಡು ಚಾನೆಲ್‌ನಿಂದ ಹೋಯಿತು. ಕೆಳಗಿದ್ದ ಕಾಮೆಂಟ್‌ಗಳೂ ಹೋದವು, ಆ ತಾಯಂದಿರ ವಿವರ ಸಮೇತ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೆ.

ಇದು ಹೊಸ ರೋಗ ಏನಲ್ಲ. ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಒಂದು ಪಾರ್ಟಿಯಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿ ಯಾರೂ ಏನನ್ನೂ ಮಾರುತ್ತಿರಲಿಲ್ಲ ಅಂತ ಅಂದುಕೊಳ್ಳುವವರಿದ್ದಾರೆ. ಆ ಪಾರ್ಟಿಗೂ ಒಳಗೆ ಬರಲು ದುಡ್ಡು ಕೊಡಬೇಕಿತ್ತು. ಹರ್ಕ್‌ನ ತಂಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಏರ್ಪಡಿಸಿದ್ದ ಪಾರ್ಟಿ ಅದು. ಅಂದರೆ ದುಡ್ಡು ಮೊದಲ ದಿನದಿಂದಲೂ ಇತ್ತು, ಯಾರಿಗೂ ತೊಂದರೆ ಆಗಲಿಲ್ಲ. ತೊಂದರೆ ಶುರುವಾಗಿದ್ದು 1979ರಲ್ಲಿ. ಶುಗರ್‌ಹಿಲ್ ಗ್ಯಾಂಗ್ ಹೆಸರಿನ ಗುಂಪನ್ನು ಒಂದು ರೆಕಾರ್ಡ್ ಕಂಪನಿ ಜೋಡಿಸಿತು. ಅವರ ಮೊದಲ ಹಾಡು 14 ನಿಮಿಷಕ್ಕೂ ಉದ್ದ, ಅಮೆರಿಕದ ಟಾಪ್ 40ಕ್ಕೆ ಹೋದ ಮೊದಲ ರ‍್ಯಾಪ್ ಹಾಡು. ಅದರಲ್ಲಿ ಒಬ್ಬ ಹಾಡಿದ ಸಾಲುಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಅನ್ನುವ ಬೇರೊಬ್ಬ ರ‍್ಯಾಪರ್ ಬರೆದವು. ಕ್ಯಾಜ್‌ಗೆ ಹೆಸರೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಬ್ರಾಂಕ್ಸ್‌ನ ಆ ನೋಟ್‌ಬುಕ್‌ಗೆ ಆಗಿದ್ದೇ ಲಗ್ಗೆರೆಯ ಈ ನೋಟ್‌ಬುಕ್‌ಗೂ ಆಯಿತು.

ಕಾನೂನಿನಲ್ಲಿ ಏನಿತ್ತು

ಪರಿಚಯದ ವಕೀಲರೊಬ್ಬರು ಒಪ್ಪಂದ ಓದಿದರು. ಫೀಸ್ ತೆಗೆದುಕೊಳ್ಳಲಿಲ್ಲ. ಅವರು ಹೇಳಿದ್ದನ್ನು ನಾನು ಈಗ ರೂಮಿಗೆ ಬರುವ ಪ್ರತಿ ಹುಡುಗನಿಗೂ ಹೇಳುತ್ತೇನೆ, ಹಾಗಾಗಿ ಇಲ್ಲೂ ಸ್ವಲ್ಪ ವಿವರವಾಗಿ.

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. 2012ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ ನಂತರ, ಸಿನಿಮಾದ ಭಾಗವಲ್ಲದ ಧ್ವನಿಮುದ್ರಣದಲ್ಲಿ ತನ್ನ ಸಾಹಿತ್ಯ ಬಳಸಿದ್ದಕ್ಕೆ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬರೆದವನು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದಿದ್ದರೂ ಅದು ನಿಲ್ಲುವುದಿಲ್ಲ. ಹಾಡು ಬರೆದವರ ಪರವಾಗಿ ಇದನ್ನು ವಸೂಲು ಮಾಡುವ ಕಾಪಿರೈಟ್ ಸೊಸೈಟಿಯ ಹೆಸರು ಐಪಿಆರ್‌ಎಸ್. ಹುಡುಗ ಅದರ ಸದಸ್ಯನೇ ಆಗಿರಲಿಲ್ಲ. ನನ್ನ ರೂಮಿಗೆ ಬರುವ ಹತ್ತರಲ್ಲಿ ಒಂಬತ್ತು ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ.

ಎಷ್ಟು ವರ್ಷಕ್ಕೆ ಕೊಟ್ಟಿದ್ದು ಅಂತ ಒಪ್ಪಂದದಲ್ಲಿ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತ ಮಾತ್ರ. ಇದು ಬರೆದವನ ಪರ ಇರುವ ನಿಯಮ. ಆದರೆ ಇವನ ಒಪ್ಪಂದದಲ್ಲಿ ಶಾಶ್ವತ, ಇಡೀ ಜಗತ್ತು ಅಂತ ಸ್ಪಷ್ಟವಾಗಿ ಬರೆದಿತ್ತು. ಆ ಬಾಗಿಲು ಮುಚ್ಚಿತ್ತು.

ಹಾಡನ್ನು ತಿರುಚಿ ಬರೆದವನ ಗೌರವಕ್ಕೆ ಧಕ್ಕೆ ತಂದರೆ 57ನೇ ಸೆಕ್ಷನ್ ಪ್ರಕಾರ ಪ್ರಶ್ನಿಸಬಹುದು. ಹಕ್ಕು ಮಾರಿದ ಮೇಲೂ ಇದು ಬರೆದವನ ಹತ್ತಿರವೇ ಇರುತ್ತದೆ. ಆದರೆ ಅದಕ್ಕೆ ಕೋರ್ಟಿಗೆ ಹೋಗಬೇಕು, ವರ್ಷಗಟ್ಟಲೆ ಅಲೆಯಬೇಕು. ಶಿಫ್ಟ್ ಬಿಟ್ಟು ಅಲೆಯುವ ಸ್ಥಿತಿ ಅವನದಲ್ಲ.

ದಾರಿ ಸಿಕ್ಕಿದ್ದು 19ನೇ ಸೆಕ್ಷನ್‌ನ ಒಂದು ಸಣ್ಣ ಉಪನಿಯಮದಲ್ಲಿ. ಕೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಆ ಹಕ್ಕು ರದ್ದಾದ ಹಾಗೆ. ಬೇರೆ ರೀತಿ ಅಂತ ಒಪ್ಪಂದದಲ್ಲೇ ಬರೆದಿದ್ದರೆ ಮಾತ್ರ ಇಲ್ಲ. ಹನ್ನೊಂದು ಪುಟದಲ್ಲಿ ಈ ಒಂದು ವಿಷಯದ ಬಗ್ಗೆ ಏನೂ ಬರೆದಿರಲಿಲ್ಲ. ಕಂಪನಿ ಎಲ್ಲವನ್ನೂ ಬಳಸಿತ್ತು, ಮೂರನೇ ಚರಣ ಒಂದನ್ನು ಬಿಟ್ಟು. ಬೇಡ ಅಂತ ಕತ್ತರಿಸಿ ಎಸೆದಿದ್ದರಲ್ಲ, ಆ 16 ಬಾರ್ ಯಾವ ರೂಪದಲ್ಲೂ ಅವರಿಂದ ಹೊರಗೆ ಬಂದಿರಲಿಲ್ಲ.

ವರ್ಷ ತುಂಬಿದ ಮೇಲೆ ವಕೀಲರು ಒಂದು ಪತ್ರ ಬರೆದರು. ಜಗಳದ ಧಾಟಿ ಇರಲಿಲ್ಲ. ಬಳಸದ ಚರಣದ ಹಕ್ಕು ವಾಪಸ್ ಬಂದಿದೆ ಅಂತ ನಾವು ತಿಳಿದಿದ್ದೇವೆ, ನೀವೂ ಬರೆದು ಒಪ್ಪಿಕೊಳ್ಳಿ ಅಂತಷ್ಟೇ. ಇಡೀ ಹಾಡು ಒಂದೇ ಕೃತಿ, ಒಂದು ಚರಣ ಬೇರೆ ಆಗುವುದಿಲ್ಲ ಅಂತ ಅವರು ವಾದ ಮಾಡಬಹುದಿತ್ತು. ಮಾಡಲಿಲ್ಲ. ಅವರಿಗೆ ಆ ಚರಣದಿಂದ ಬರುವುದು ಏನೂ ಇರಲಿಲ್ಲ. ಒಂದು ಪುಟದ ಉತ್ತರ ಬಂತು: ಮೂರನೇ ಚರಣದ ಸಾಹಿತ್ಯದ ಮೇಲೆ ನಮ್ಮ ದಾವೆ ಇಲ್ಲ.

ನನಗೆ ಕಾಣುವುದು

ಕಂಪನಿ ಮೊದಲ ರೂಪವನ್ನೇ ಬಿಡುಗಡೆ ಮಾಡಿದ್ದರೆ ಇಷ್ಟೇ ಓಡುತ್ತಿತ್ತಾ? ಓಡುತ್ತಿರಲಿಲ್ಲ ಅಂತಲೇ ನನಗೆ ಅನಿಸುತ್ತದೆ. ಆದರೆ ಎರಡನ್ನೂ ಇಟ್ಟುಕೊಳ್ಳಲು ಅಡ್ಡಿ ಏನಿತ್ತು? ಹುಕ್ ಇರುವ ಎರಡು ನಿಮಿಷದ ರೂಪ ಪಬ್ಬಿಗೆ, ರೀಲ್ಸ್‌ಗೆ. ಪೂರ್ತಿ ಹಾಡು ಅವನ ಹೆಸರಲ್ಲಿ, ಅವನ ಚಾನೆಲ್‌ನಲ್ಲಿ. ಪಬ್ಬಿನಲ್ಲಿ ಹುಕ್ ಕೇಳಿ ಬಂದವರಲ್ಲಿ ನೂರಕ್ಕೆ ಐದು ಜನ ಪೂರ್ತಿ ಹಾಡು ಹುಡುಕಿದ್ದರೂ ಹುಡುಗನಿಗೆ ಒಂದು ಹೆಸರು ಬರುತ್ತಿತ್ತು, ಮುಂದಿನ ಹಾಡಿಗೆ ಕೇಳುಗರು ಇರುತ್ತಿದ್ದರು. ಕಂಪನಿಗೂ ನಷ್ಟ ಇರಲಿಲ್ಲ. ಇದನ್ನು ತಡೆದಿದ್ದು ವ್ಯಾಪಾರ ಅಂತ ನಾನು ಹೇಳಲಾರೆ. ಹನ್ನೊಂದು ಪುಟದ ಒಂದು ಸಿದ್ಧ ಒಪ್ಪಂದ ಮತ್ತು ಅದನ್ನು ಓದಲು ಕೊಟ್ಟ ಒಂದು ಸಂಜೆ ತಡೆಯಿತು.

ನಮ್ಮ ಉತ್ತರ ಕರ್ನಾಟಕದ ಗೀಗೀ ಪದದವರನ್ನು ನೋಡಿ. ಹರದೇಶಿ, ನಾಗೇಶಿ ಎರಡು ಮೇಳ ಎದುರುಬದುರು ನಿಂತು ರಾತ್ರಿಯಿಡೀ ಸವಾಲು ಜವಾಬು ಹಾಡುತ್ತಿದ್ದರು. ಅವರೂ ದುಡ್ಡಿಗೆ ಹಾಡುತ್ತಿದ್ದರು, ಊರಿನವರು ಕರೆದು ಸಂಭಾವನೆ ಕೊಡುತ್ತಿದ್ದರು. ಆದರೆ ಯಾವ ಪದ ಹಾಡಬೇಕು, ಎದುರಿನವರಿಗೆ ಏನು ಜವಾಬು ಕೊಡಬೇಕು ಅನ್ನುವುದು ಮೇಳದವರ ಕೈಯಲ್ಲೇ ಇರುತ್ತಿತ್ತು. ಸಪ್ಪೆ ಜವಾಬು ಕೊಟ್ಟರೆ ಜನ ಅಲ್ಲೇ ನಗುತ್ತಿದ್ದರು, ಮುಂದಿನ ವರ್ಷ ಕರೆಯುತ್ತಿರಲಿಲ್ಲ. ಗುಣಮಟ್ಟವೂ ಸಂಭಾವನೆಯೂ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿದ್ದವು. ಈಗ ಆ ಹಗ್ಗ ಎಲ್ಲಿ ಬಿಚ್ಚಿದೆ ಅಂದರೆ, ಸಂಭಾವನೆ ಸಾಲಿಗೆ ಸಿಗುತ್ತಿಲ್ಲ, ಸಾಲನ್ನು ಬಿಟ್ಟುಕೊಟ್ಟಿದ್ದಕ್ಕೆ ಸಿಗುತ್ತಿದೆ. ಬೆಂಗಳೂರಿನಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಬರೆಯುವ ಹುಡುಗರು ಇರುವಷ್ಟು ದಿನ ಕನ್ನಡ ರ‍್ಯಾಪ್‌ಗೆ ಒಳ್ಳೆ ಸಾಲಿನ ಬರ ಬರುವುದಿಲ್ಲ. ಆ ಸಾಲು ಅವರ ಹತ್ತಿರ ಉಳಿಯುತ್ತದಾ ಅನ್ನುವುದೇ ನನ್ನ ಚಿಂತೆ.

ಈಗ ಎಲ್ಲಿಗೆ ಬಂದಿದೆ

ವಾಪಸ್ ಬಂದ 16 ಬಾರ್ ಈಗ ಹೊಸ ಹಾಡಿನ ಮೊದಲ ಚರಣ. ವೇಗ 86 ಬಿಪಿಎಂ. ತಮಟೆ ಮತ್ತೆ ಬಂದಿದೆ, ಈ ಸಲ ಫೋನಿನ ರೆಕಾರ್ಡಿಂಗ್ ಬೇಡ ಅಂತ ನುಡಿಸುವವರನ್ನೇ ಕರೆಸಿ, ದುಡ್ಡು ಕೊಟ್ಟು, ಅವರ ಹೆಸರನ್ನೂ ಕ್ರೆಡಿಟ್‌ಗೆ ಹಾಕಿದ್ದೇವೆ. ಹುಕ್ ಇದೆ, ಕುಣಿಯುವ ಹಾಗೂ ಇದೆ. ಅದನ್ನೂ ಅವನೇ ಬರೆದ, 'ತೀನಿ' ಒಂದೂ ಇಲ್ಲ. ಐಪಿಆರ್‌ಎಸ್‌ಗೆ ಅರ್ಜಿ ಹಾಕಿದ್ದಾನೆ. ಹಳೇ ಹಾಡಿನ ಸಾಹಿತ್ಯದ ಪಾಲನ್ನೂ ಅದರ ಮೂಲಕವೇ ಕೇಳುತ್ತಿದ್ದಾನೆ.

ಇನ್ನೊಂದು ಕಂಪನಿ ಈ ಹಾಡಿಗೆ ಮುಂದೆ ಬಂದಿದೆ. ಅವರು ಹೇಳಿದ ಮೊತ್ತ ಹೋದ ಸಲಕ್ಕಿಂತ ಕಡಿಮೆ. ಹುಡುಗ ಕರಡನ್ನು ಮನೆಗೆ ತಂದು ವಕೀಲರಿಗೆ ತೋರಿಸಿ, ಮೂರು ತಿದ್ದುಪಡಿ ಕೇಳಿದ: ಹಕ್ಕು 5 ವರ್ಷಕ್ಕೆ ಮಾತ್ರ, ಪೂರ್ತಿ ರೂಪ ತನ್ನ ಚಾನೆಲ್‌ನಲ್ಲಿ ಇರಬೇಕು, ಒಂದು ಅಕ್ಷರ ಬದಲಿಸಬೇಕಾದರೂ ತನ್ನ ಲಿಖಿತ ಒಪ್ಪಿಗೆ ಬೇಕು. ಮೊದಲ ಎರಡಕ್ಕೆ ಅವರು ಹೂಂ ಅಂದಿದ್ದಾರೆ. ಮೂರನೆಯದಕ್ಕೆ ಉತ್ತರ ಇನ್ನೂ ಬಂದಿಲ್ಲ, ಅವನೂ ಸಹಿ ಹಾಕಿಲ್ಲ.